ಹುಡುಗ ಇಂಟ್ರೋವರ್ಟ್ ಅಂತ ಸಂಬಂಧ ತಪ್ಪಿಹೋಯ್ತಲ್ಲ ಮಾರಾಯ್ರೇ

ಸಂಪಾದಕರಿಗೆ ನಮಸ್ಕಾರ,

ಹೋದ ತಿಂಗಳು ನಿಮ್ಮ ಭಾನುವಾರದ ಪುರವಣಿಯಲ್ಲಿ ಅರ್ಧ ಪೇಜ್ ಬಂದಿತ್ತಲ್ಲ, ಹತ್ತು ಪ್ರಶ್ನೆಗೆ ಟಿಕ್ ಹಾಕಿ ನಿಮ್ಮ ವ್ಯಕ್ತಿತ್ವ ಯಾವ ಟೈಪ್ ಅಂತ ತಿಳ್ಕೊಳ್ಳಿ ಅಂತ, ಅದರ ಬಗ್ಗೆ ಬರೀತಿದೀನಿ. ಲೇಟಾಯ್ತು ಗೊತ್ತು, ಆದ್ರೆ ಆ ಅರ್ಧ ಪೇಜಿನ ಗಲಾಟೆ ನಮ್ಮನೇಲಿ ಇನ್ನೂ ಮುಗ್ದಿಲ್ಲ.

ನನ್ನ ಅಕ್ಕನ ಮಗ, ನವಿ ಮುಂಬೈಯ ಐರೋಲಿಯಲ್ಲಿ ಸಾಫ್ಟ್‌ವೇರ್ ಕೆಲಸ, ಮಾತು ಸ್ವಲ್ಪ ಕಮ್ಮಿ. ಅವನಿಗೆ ಹೆಣ್ಣು ನೋಡೋಕೆ ಅಂತ ಘಾಟ್ಕೋಪರ್‌ಗೆ ಹೋಗಿದ್ವಿ. ಜಾತಕ ಮೊದ್ಲೇ ಕೂಡಿತ್ತು, ಉಪ್ಪಿಟ್ಟು ಕಾಫಿ ಆಯ್ತು, ಎಲ್ಲಾ ಸರಿಯಾಗೇ ಇತ್ತು, ಅಷ್ಟೊತ್ತಿಗೆ ಹುಡುಗಿಯ ಚಿಕ್ಕಪ್ಪ ಜೇಬಿಂದ ನಿಮ್ಮ ಪೇಪರಿನ ಕಟಿಂಗ್ ತೆಗೆದ್ರು ನೋಡಿ. "ಸುಮ್ನೆ ತಮಾಷೆಗೆ" ಅಂದ್ರು. ಹುಡುಗ ಪಾಪ ಎಲ್ರ ಎದುರಿಗೆ ಕೂತು ಟಿಕ್ ಹಾಕಿದ. ಪಾರ್ಟಿ ಇಷ್ಟವೋ ಒಬ್ರೇ ಕೂತು ಓದೋದು ಇಷ್ಟವೋ, ತಲೆಯಿಂದ ಯೋಚಿಸ್ತೀರೋ ಹೃದಯದಿಂದಲೋ, ಇಂಥವು. ಲೆಕ್ಕ ಹಾಕಿದ್ರೆ ಅಂತರ್ಮುಖಿ, ಭಾವಜೀವಿ ಅಂತ ಬಂತು. ಎರಡು ದಿನ ಬಿಟ್ಟು ವಾಟ್ಸಾಪ್, ನಮ್ಮ ಹುಡುಗಿ ಎಕ್ಸ್‌ಟ್ರೋವರ್ಟ್, ಮುಂದೆ ಅಡ್ಜಸ್ಟ್ ಆಗೋದು ಕಷ್ಟ, ಕ್ಷಮಿಸಿ ಅಂತ. ಮಾತು ಬೆಳ್ಳಿ ಮೌನ ಬಂಗಾರ ಅಂತ ಹೇಳ್ಕೊಂಡು ಬಂದ ಜನ ನಾವು, ಈಗ ಹುಡುಗ ಕಮ್ಮಿ ಮಾತಾಡಿದ್ರೆ ಅದು ಕಾಯಿಲೆ!

ನಾನು ಮನಃಶಾಸ್ತ್ರ ಕಲ್ತವನಲ್ಲ. 1979ರಲ್ಲಿ ಕುಂದಾಪುರ ಕಡೆಯಿಂದ ಮುಂಬೈಗೆ ಬಂದು ಹೋಟೆಲಲ್ಲಿ ಟೇಬಲ್ ಒರೆಸ್ತಾ ಫೋರ್ಟಿನ ಕನ್ನಡ ನೈಟ್ ಸ್ಕೂಲಲ್ಲಿ ಎಸ್ಸೆಸ್ಸಿ ಮಾಡಿ, ಆಮೇಲೆ ಮಾಟುಂಗಾದಲ್ಲಿ ಗಲ್ಲಾ ಮೇಲೆ ಮೂವತ್ತು ವರ್ಷ ಕೂತವ. ಮಗಳು ಈಗ ಟಿವೈಬಿಎ, ಅಂದ್ರೆ ಬಿಎ ಮೂರನೇ ವರ್ಷ, ಸೈಕಾಲಜಿ. ಆ ವಾಟ್ಸಾಪ್ ಬಂದ ರಾತ್ರಿ ಸಿಟ್ಟಲ್ಲಿ ಅವಳ ಪರ್ಸನಾಲಿಟಿ ಪುಸ್ತಕ ತಗೊಂಡು ಕೂತೆ, ಅರ್ಥ ಆಗದ್ದನ್ನ ಅವಳ ಹತ್ರ ಕೇಳಿದೆ, ಹೀಗೆ ಮೂರು ವಾರ.

ಮೊದ್ಲಿಗೆ ಆಸ್ಟ್ರಿಯಾದ ಮನಸ್ಸಿನ ಡಾಕ್ಟ್ರು ಫ್ರಾಯ್ಡ್. 1923ರಲ್ಲಿ ಮನಸ್ಸನ್ನ ಮೂರು ಪಾಲು ಮಾಡಿದ್ರಂತೆ, ಬೇಕು ಬೇಕು ಅಂತ ಹಟ ಮಾಡೋ ಇಡ್, ಬೇಡ ತಪ್ಪು ಅಂತ ಗದರಿಸೋ ಸೂಪರ್ ಈಗೋ, ನಡುವೆ ಸಿಕ್ಕಿಹಾಕ್ಕೊಂಡು ಇಬ್ಬರನ್ನೂ ಸಂಭಾಳಿಸೋ ಈಗೋ. ಓದೋಕೆ ಮಜಾ ಉಂಟು, ನಮ್ಮ ಹುಡುಗನ ವಿಷಯಕ್ಕೆ ಉಪಯೋಗ ಆಗ್ಲಿಲ್ಲ, ಮುಂದೆ ಹೋದೆ.

ಮನುಷ್ಯರನ್ನ ಟೈಪ್ ಟೈಪ್ ಮಾಡಿ ಡಬ್ಬಿಗೆ ಹಾಕೋ ಚಟ ಇವತ್ತಿಂದಲ್ಲ ಅಂತ ಅಲ್ಲಿ ಗೊತ್ತಾಯ್ತು. ರೋಮನ್ನರ ಕಾಲದ ಗ್ರೀಕ್ ವೈದ್ಯ ಗ್ಯಾಲೆನ್ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಅಂತ ನಾಲ್ಕು ರಸದಿಂದ ನಾಲ್ಕು ಸ್ವಭಾವ ಹೇಳಿದ್ದ, ನಮ್ಮಲ್ಲಿ ವಾತ ಪಿತ್ತ ಕಫ, ಗೀತೆಯಲ್ಲಿ ಸತ್ವ ರಜಸ್ಸು ತಮಸ್ಸು. ನಿಮ್ಮ ಪುರವಣಿಯ ಆಟದ ಮೂಲ ಮಾತ್ರ ಇತ್ತೀಚಿನದು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಸೈಕಾಲಜಿಕಲ್ ಟೈಪ್ಸ್ ಅಂತ ಪುಸ್ತಕ ಬರೆದ್ರು, ಇಂಟ್ರೋವರ್ಟ್ ಎಕ್ಸ್‌ಟ್ರೋವರ್ಟ್ ಜನರ ಬಾಯಿಗೆ ಬಂದಿದ್ದು ಅಲ್ಲಿಂದ. ಅದನ್ನ ಓದಿದ ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್, ಇಬ್ಬರೂ ಸೈಕಾಲಜಿ ಟ್ರೇನಿಂಗ್ ಆದವರಲ್ಲ, ಎರಡನೇ ಮಹಾಯುದ್ಧದ ಕಾಲಕ್ಕೆ ಒಂದು ಪ್ರಶ್ನಾವಳಿ ಶುರು ಮಾಡಿದ್ರು, ಅದರಲ್ಲಿ ಒಬ್ಬೊಬ್ಬರ ಟೈಪಿಗೂ ನಾಲ್ಕು ಇಂಗ್ಲಿಷ್ ಅಕ್ಷರ, ಒಟ್ಟು 16 ಟೈಪ್. ಇವತ್ತು ಕಾರ್ಪೊರೇಟ್ ಆಫೀಸಲ್ಲೆಲ್ಲ ಅದೇ. ತೊಂದರೆ ಎಲ್ಲಿ ಅಂದ್ರೆ ಕೆಲವೇ ವಾರ ಬಿಟ್ಟು ಅದೇ ಟೆಸ್ಟ್ ಮತ್ತೆ ಕೊಟ್ರೆ ಎಷ್ಟೋ ಜನರಿಗೆ ಅಕ್ಷರ ಬದ್ಲಾಗಿರ್ತದೆ. ಕೆಲಸಕ್ಕೆ ಆಳು ಆರಿಸೋಕೆ ಇದನ್ನ ಬಳಸ್ಬೇಡಿ ಅಂತ ಆ ಟೆಸ್ಟ್ ಮಾರೋ ಕಂಪನಿಯೇ ಹೇಳ್ತದೆ. ಅಳಿಯನ್ನ ಆರಿಸೋಕೆ ಆಗ್ತದಾ ಅಂತ ಅವರನ್ನ ಯಾರೂ ಕೇಳಿರ್ಲಿಕ್ಕಿಲ್ಲ.

ಅಕ್ಷರ ಯಾಕೆ ಬದ್ಲಾಗ್ತದೆ ಅಂತ ಕೇಳಿದ್ದಕ್ಕೆ ಮಗಳು ಒಂದು ಮಾತು ಹೇಳಿದ್ಲು, ಅಪ್ಪ ನಮ್ಮ ಬಿಲ್ಡಿಂಗಿನವರನ್ನೆಲ್ಲ ಸಾಲಾಗಿ ನಿಲ್ಸಿ ಎತ್ತರ ಟೈಪ್, ಗಿಡ್ಡ ಟೈಪ್ ಅಂತ ಎರಡೇ ಗುಂಪು ಮಾಡು ಅಂದ್ರೆ ಏನು ಮಾಡ್ತೀಯ ಅಂತ. ಹೌದಲ್ಲ. ಆರಡಿಯವರು ಇಬ್ಬರು, ಐದಡಿಗಿಂತ ಕಮ್ಮಿಯವರು ಮೂರು ಜನ, ಉಳಿದವರೆಲ್ಲ ನಡುವೆಯೇ. ಗೆರೆ ಎಲ್ಲಿ ಎಳೆದ್ರೂ ಅಲ್ಲಿ ಅರ್ಧ ಇಂಚಲ್ಲಿ ಅತ್ತಿತ್ತ ಆಗೋರೇ ಜಾಸ್ತಿ. ಮಾತು ಕಮ್ಮಿ ಮಾತು ಜಾಸ್ತಿ ಅನ್ನೋದೂ ಹಾಗೇ, ಬಹಳ ಜನ ಮಧ್ಯದಲ್ಲಿರ್ತಾರೆ, ಅವತ್ತು ನಿದ್ದೆ ಸರಿಯಾಗಿದ್ರೆ ಒಂದು ಟಿಕ್ ಆಚೆ, ಇಲ್ದಿದ್ರೆ ಈಚೆ.

ಅದಕ್ಕೇ ಮನಃಶಾಸ್ತ್ರದವರು ಟೈಪ್ ಬಿಟ್ಟು ಗುಣಗಳನ್ನ ಅಳೆಯೋಕೆ ಹೊರಟ್ರು. ಹೇಗೆ ಹೊರಟ್ರು ಅನ್ನೋದು ನಂಗೆ ತುಂಬಾ ಹಿಡಿಸ್ತು. ಮನುಷ್ಯನ ಸ್ವಭಾವದಲ್ಲಿ ಮುಖ್ಯವಾದ್ದು ಏನಿದ್ಯೋ ಅದಕ್ಕೆ ಭಾಷೆಯಲ್ಲಿ ಒಂದು ಪದ ಇದ್ದೇ ಇರ್ಬೇಕು ಅನ್ನೋದು ಅವರ ಲೆಕ್ಕ. ಆಲ್‌ಪೋರ್ಟ್, ಓಡ್ಬರ್ಟ್ ಅಂತ ಇಬ್ರು 1936ರಲ್ಲಿ ದಪ್ಪ ಇಂಗ್ಲಿಷ್ ಡಿಕ್ಷನರಿ ಹಿಡ್ಕೊಂಡು ಒಂದೊಂದೇ ಪದ ಹೆಕ್ಕಿದ್ರು, 17,953 ಪದ ಸಿಕ್ತು, ಅದರಲ್ಲಿ ಇವತ್ತಿನ ಮೂಡಿಗೆ ಸಂಬಂಧಪಟ್ಟಿದ್ದು, ಬರೀ ಹೊಗಳಿಕೆ ಬೈಗುಳ, ಎಲ್ಲಾ ತೆಗೆದಿಟ್ಟು ಗಟ್ಟಿ ಗುಣ ಅನ್ನಬಹುದಾದ್ದು ಸುಮಾರು 4,500. ಆಮೇಲೆ ಕ್ಯಾಟೆಲ್ ಅನ್ನೋರು ಬಂದು ಒಟ್ಟೊಟ್ಟಿಗೆ ಕಾಣಿಸ್ಕೊಳ್ಳೋ ಪದಗಳನ್ನ ಲೆಕ್ಕ ಹಾಕಿ ಗುಂಪು ಮಾಡಿ 16 ಗುಣಕ್ಕೆ ಇಳಿಸಿದ್ರು, ಐಸೆಂಕ್ ಅನ್ನೋ ಇನ್ನೊಬ್ರು ಎರಡು ಮೂರು ಸಾಕು ಅಂದ್ರು. (ಇದೇ ಐಸೆಂಕ್ ಜನರ ನಾಲಿಗೆ ಮೇಲೆ ನಿಂಬೆರಸ ಹನಿಸಿ ಯಾರಿಗೆ ಎಷ್ಟು ಜೊಲ್ಲು ಬರ್ತದೆ ಅಂತ ಅಳೆದವರು, ಇಂಟ್ರೋವರ್ಟ್‌ಗೆ ಜಾಸ್ತಿ ಬಂತಂತೆ. ಹೋಟೆಲಲ್ಲಿ ನಿಂಬೆಗೆ ಬರ ಇರ್ಲಿಲ್ಲ, ಮೊದ್ಲೇ ಗೊತ್ತಿದ್ರೆ ಮಾಡಿ ನೋಡ್ಬಹುದಿತ್ತು.) ಕೊನೆಗೆ ಬೇರೆ ಬೇರೆಯವರು ಲೆಕ್ಕ ಮಾಡಿದಾಗ ಮತ್ತೆ ಮತ್ತೆ ಐದು ಬಂತು, ಬಿಗ್ ಫೈವ್ ಅಂತಾರೆ. ಹೊಸದರ ಕುತೂಹಲ, ಶಿಸ್ತು, ಬಹಿರ್ಮುಖತೆ, ಹೊಂದಾಣಿಕೆ, ಮತ್ತೆ ಸಣ್ಣದಕ್ಕೂ ಆತಂಕ ಪಡೋ ಗುಣ. ಐದರಲ್ಲೂ ಎಲ್ಲರಿಗೂ ಮಾರ್ಕ್ ಉಂಟು, ಯಾರಿಗೂ ಡಬ್ಬಿ ಇಲ್ಲ.

ಇದನ್ನ ಓದಿದ್ಮೇಲೆ ನಾನೂ ಮಗಳೂ ಕೂತು ಕನ್ನಡದ ಪದ ಬರೆಯೋಕೆ ಶುರು ಮಾಡಿದ್ವಿ, ಮುಂಗೋಪಿ, ಪುಕ್ಕಲ, ಅಳುಮುಂಜಿ, ಜಿಪುಣ, ಬಾಯಿಬಡುಕ, ಉಡಾಳ, ಹೆಂಗರುಳಿನವ, ಮೊಂಡ, ಗುಮ್ಮನಗುಸಕ, ಅಧಿಕಪ್ರಸಂಗಿ. ಈ ಅಧಿಕಪ್ರಸಂಗಿಯನ್ನ ಐದರಲ್ಲಿ ಎಲ್ಲಿ ಹಾಕೋದು ಹೇಳಿ? ಮಾತು ಜಾಸ್ತಿ, ಹೊಂದಾಣಿಕೆ ಕಮ್ಮಿ, ಎರಡೂ ಸೇರಿ ಒಂದೇ ಪದದಲ್ಲಿ ಇಟ್ಟಿದಾರೆ ನಮ್ಮ ಹಿರಿಯರು. ಗುಮ್ಮನಗುಸಕನಿಗೆ ಅವಳ ಪುಸ್ತಕದಲ್ಲಿ ಸರಿಯಾದ ಇಂಗ್ಲಿಷ್ ಪದವೇ ಸಿಗ್ಲಿಲ್ಲ. 1894ರ ಕಿಟೆಲ್ ನಿಘಂಟು ಹಿಡ್ಕೊಂಡು ಆಲ್‌ಪೋರ್ಟ್ ಮಾಡಿದ ಹಾಗೆ ಯಾರಾದ್ರೂ ಹೆಕ್ಕಿದ್ರೆ ಏನೇನು ಸಿಗಬಹುದು ಅಂತ ಆಸೆ ಆಗ್ತದೆ.

ಹಾಗಾದ್ರೆ ಕ್ವಿಜ್ ಓದಿದವರೆಲ್ಲ ಅಯ್ಯೋ ಇದು ನಾನೇ ಅಂತ ಯಾಕೆ ಅಂದ್ರು? ಅದಕ್ಕೂ ಉತ್ತರ ಉಂಟು. 1948ರಲ್ಲಿ ಫೋರರ್ ಅಂತ ಒಬ್ಬ ಮೇಷ್ಟ್ರು 39 ಸ್ಟೂಡೆಂಟ್ಸ್‌ಗೆ ಟೆಸ್ಟ್ ಕೊಟ್ಟು, ಆಮೇಲೆ ಒಬ್ಬೊಬ್ಬರಿಗೂ ಇದು ನಿನ್ನ ಸ್ವಭಾವದ ರಿಪೋರ್ಟ್ ಅಂತ ಚೀಟಿ ಕೊಟ್ರು, ಎಷ್ಟು ಸರಿ ಇದೆ ಐದಕ್ಕೆ ಮಾರ್ಕ್ ಕೊಡಿ ಅಂದ್ರು, ಸರಾಸರಿ 4.26 ಬಂತು. ಆದ್ರೆ ಅಷ್ಟೂ ಚೀಟಿಯಲ್ಲಿ ಇದ್ದಿದ್ದು ಒಂದೇ ಬರಹ, ಪೇಪರ್ ಅಂಗಡಿಯ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ ಸಾಲುಗಳು!

ನಂಗೆ ನಂಬಿಕೆ ಬರ್ಲಿಲ್ಲ. ಡೊಂಬಿವಲಿಯಲ್ಲಿ ನಮ್ಮದೊಂದು ಬೆಳಗಿನ ವಾಕಿಂಗ್ ಗುಂಪು, ಎಂಟು ಜನ, ಎಲ್ಲಾ ರಿಟೈರ್ಡ್. ನಿಮ್ಮ ಕೈಬರಹ ಕೊಡಿ, ಮಗಳ ಕಾಲೇಜಲ್ಲಿ ಪರ್ಸನಾಲಿಟಿ ತೆಗೆದು ಕೊಡ್ತಾರೆ ಅಂತ ಸುಳ್ಳು ಹೇಳಿದೆ. ನಾಲ್ಕು ದಿನ ಬಿಟ್ಟು ಏಳು ಜನಕ್ಕೂ ಒಂದೇ ಜೆರಾಕ್ಸ್ ಕೊಟ್ಟೆ, ಹೊರಗಿಂದ ಗಟ್ಟಿ ಕಾಣ್ತೀರಿ ಒಳಗೆ ಮೃದು, ನೀವು ಮಾಡಿದ ಉಪಕಾರಕ್ಕೆ ತಕ್ಕ ಹೆಸರು ಬರ್ಲಿಲ್ಲ, ಕೆಲವೊಮ್ಮೆ ನಾಲ್ಕು ಜನರ ನಡುವೆ ಖುಷಿ ಕೆಲವೊಮ್ಮೆ ಒಬ್ರೇ ಇರೋಣ ಅನ್ಸ್ತದೆ, ಊರಲ್ಲೇ ಇದ್ದಿದ್ರೆ ಜೀವನ ಬೇರೆ ಇರ್ತಿತ್ತೇನೋ ಅಂತ ಆಗಾಗ ಯೋಚ್ನೆ ಬರ್ತದೆ. ಐದು ಜನ ಐದಕ್ಕೆ ಐದು, ಇಬ್ರು ನಾಲ್ಕು. ಒಬ್ರಂತೂ ಕಣ್ಣೊರೆಸ್ಕೊಂಡು, ನನ್ನ ಹೆಂಡ್ತಿಗೂ ಇಷ್ಟು ಅರ್ಥ ಆಗಿಲ್ಲ ಮಾರಾಯ್ರೇ ಅಂದ್ರು. ನಿಜ ಹೇಳಿದ್ಮೇಲೆ ಎರಡು ದಿನ ಯಾರೂ ನಂಜೊತೆ ಚಹಾ ಕುಡೀಲಿಲ್ಲ.

ಇನ್ನೊಂದು ವಿಷಯ, ಇದು ನಾನು ಗಲ್ಲಾ ಮೇಲೆ ಕೂತು ನೋಡಿದ್ದಕ್ಕೆ ಸರೀ ತಾಳೆ ಆಯ್ತು. ವಾಲ್ಟರ್ ಮಿಶೆಲ್ ಅನ್ನೋರು 1968ರಲ್ಲಿ ಒಂದು ಪುಸ್ತಕ ಬರೆದು ದೊಡ್ಡ ಜಗಳ ಎಬ್ಬಿಸಿದ್ರು, ಪ್ರಶ್ನೆ ಕೇಳಿ ಗುಣ ಅಳೆದು ಆ ಮನುಷ್ಯ ಒಂದು ಸಂದರ್ಭದಲ್ಲಿ ಹೇಗೆ ನಡ್ಕೊಳ್ತಾನೆ ಅಂತ ಹೇಳೋಕೆ ಹೋದ್ರೆ ತಾಳೆ ಆಗೋದು ಬಹಳ ಕಮ್ಮಿ, 0.3ರ ಆಸುಪಾಸು ಅಂತ. ಪೂರ್ತಿ ತಾಳೆ ಆದ್ರೆ 1, ಏನೂ ಇಲ್ದಿದ್ರೆ 0, ಹಾಗೆ ಆ ಲೆಕ್ಕ. ಅದಕ್ಕೂ ಮುಂಚೆ 1928ರಲ್ಲಿ ಹಾರ್ಟ್‌ಶೋರ್ನ್, ಮೇ ಅನ್ನೋರು ಸಾವಿರಾರು ಶಾಲಾ ಮಕ್ಕಳ ಪ್ರಾಮಾಣಿಕತೆ ಪರೀಕ್ಷೆ ಮಾಡಿದ್ರು, ಒಂದು ಕಡೆ ಕಾಪಿ ಹೊಡೆದ ಮಗು ಇನ್ನೊಂದು ಕಡೆ ನೆಟ್ಟಗೆ ಇರ್ತಿತ್ತು. ನಮ್ಮ ಹೋಟೆಲಲ್ಲಿ ಒಬ್ಬ ಸಪ್ಲೈಯರ್ ಇದ್ದ, ಗಿರಾಕಿ ಬಿಟ್ಟುಹೋದ ಪರ್ಸ್ ದುಡ್ಡು ಸಮೇತ ತಂದು ಗಲ್ಲಾ ಮೇಲೆ ಇಡೋನು, ಅದೇ ಮನುಷ್ಯ ಜೀವಮಾನದಲ್ಲಿ ಲೋಕಲ್ ಟ್ರೇನಿಗೆ ಟಿಕೆಟ್ ತೆಗೆದವನಲ್ಲ. ಇವನಿಗೆ ಪ್ರಾಮಾಣಿಕ ಅಂತ ಟಿಕ್ ಹಾಕ್ಬೇಕೋ ಬೇಡ್ವೋ?

ಅಡುಗೆ ಮನೇಲಿ ಒಬ್ರು ಭಟ್ರು, ಹತ್ತು ಗಂಟೆಯಲ್ಲಿ ಹತ್ತು ಮಾತಾಡ್ತಿರ್ಲಿಲ್ಲ. ಅವರ ಊರಿನವರು ಮಾಟುಂಗಾದಲ್ಲಿ ಯಕ್ಷಗಾನ ಇಟ್ಕೊಂಡಿದ್ರು, ಹೋದ್ರೆ ಮಹಿಷಾಸುರನ ವೇಷ ಹಾಕಿ ಜನರ ನಡುವಿಂದ ಆರ್ಭಟೆ ಕೊಡ್ತಾ ಬಂದವರು ಇದೇ ಭಟ್ರು, ಮುಂದಿನ ಸಾಲಿನ ಮಕ್ಕಳು ಚೀರಿ ಅಮ್ಮಂದಿರ ಸೆರಗಿಗೆ ಹೋದ್ವು. ಪರ್ಸನಾಲಿಟಿ ಅನ್ನೋ ಪದವೇ ಪರ್ಸೋನಾದಿಂದ ಬಂದದ್ದಂತೆ, ಲ್ಯಾಟಿನಲ್ಲಿ ನಾಟಕದವರ ಮುಖವಾಡ. ಮಾರನೇ ದಿನ ಬೆಳಿಗ್ಗೆ ಭಟ್ರು ಮತ್ತೆ ಸಾಂಬಾರಿನ ಮುಂದೆ, ಗಪ್‌ಚುಪ್.

ಹಾಗಂತ ಸ್ವಭಾವ ಅನ್ನೋದೇ ಸುಳ್ಳು ಅಂತಲ್ಲ, ಮಿಶೆಲ್ ಕೂಡ ಆಮೇಲೆ ಹೇಳಿದ್ದು ಪ್ರತಿಯೊಬ್ಬನಿಗೂ ಒಂದು ಪ್ಯಾಟರ್ನ್ ಉಂಟು, ಇಂಥಾ ಸಂದರ್ಭ ಬಂದ್ರೆ ಇವ ಹೀಗೆ ಅಂತ. ಒಂದು ಸಲ ನೋಡಿದ್ರೆ ಗೊತ್ತಾಗಲ್ಲ, ಹಲವು ಸಲ ನೋಡಿ ಸರಾಸರಿ ಹಾಕಿದ್ರೆ ಗುಣ ಗಟ್ಟಿಯಾಗೇ ಕಾಣ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನೋ ಗಾದೆಯೂ ಅರ್ಧ ಸರಿ, ಅವಳಿಗಳನ್ನ ನೋಡಿ ಲೆಕ್ಕ ಹಾಕಿದವರ ಪ್ರಕಾರ ಜನಜನರ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ಹತ್ತಿರಹತ್ತಿರ ಅರ್ಧ ಹುಟ್ಟಿನಿಂದ ಬಂದದ್ದು. ಆದ್ರೆ ವಯಸ್ಸಾಗ್ತಾ ಸಾಮಾನ್ಯವಾಗಿ ಶಿಸ್ತು ಹೊಂದಾಣಿಕೆ ಜಾಸ್ತಿ ಆಗ್ತದೆ, ಆತಂಕ ಇಳೀತದೆ. 28 ವರ್ಷದ ಹುಡುಗನ ಮೇಲೆ ಈಗ್ಲೇ ಸೀಲು ಒತ್ತೋದು ಯಾವ ನ್ಯಾಯ? ಅಂತರ್ಮುಖಿ ಅಂದ್ರೆ ಜನರಿಗೆ ಹೆದರೋನು ಅಂತಲೂ ಅಲ್ಲ, ನಾಚಿಕೆ ಬೇರೆ ಇದು ಬೇರೆ, ನಿಮ್ಮ ಪುರವಣಿ ಎರಡನ್ನೂ ಒಂದೇ ಮಾಡಿಟ್ಟಿತ್ತು.

ಈಗ ನನ್ನ ಬೇಡಿಕೆ. ಆಟ ಹಾಕೋದಾದ್ರೆ ರಾಶಿಫಲದ ಪಕ್ಕ ಹಾಕಿ, ಮೇಲೆ ಮನೋವಿಜ್ಞಾನ ಅಂತ ತಲೆಬರಹ ಬೇಡ. ಮೈಸೂರು ಯೂನಿವರ್ಸಿಟಿಯಲ್ಲಿ 1924ರಲ್ಲೇ ಸೈಕಾಲಜಿ ವಿಭಾಗ ಶುರುವಾಗಿತ್ತು, ಅದನ್ನ ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮನೇಲಿ ರೇಡಿಯೋ ಸ್ಟೇಷನ್ ಇಟ್ಟು ಆಕಾಶವಾಣಿ ಅಂತ ನಡೆಸಿದ್ದು. ನೂರು ವರ್ಷದಿಂದ ಈ ವಿಷಯ ಕಲಿಸ್ತಾ ಬಂದ ಜನ ನಮ್ಮಲ್ಲಿ ಇದಾರೆ ಅಂದ್ಮೇಲೆ ಅವರ ಕೈಲಿ ತಿಂಗಳಿಗೊಂದು ಲೇಖನ ಬರೆಸೋದು ಕಷ್ಟವಾ? ಇಲ್ಲಿ ಮುಂಬೈಯಲ್ಲೇ ಕಾಲೇಜಲ್ಲಿ ಕಲಿಸೋ ಕನ್ನಡದವರು ಸಿಗ್ತಾರೆ.

ಈ ಪತ್ರದ ಜೊತೆ ವಧು ಬೇಕಾಗಿದೆ ಕಾಲಮ್ಮಿಗೆ ನಮ್ಮ ಹುಡುಗನ ಜಾಹೀರಾತೂ ಕಳಿಸಿದೀನಿ, ದುಡ್ಡು ಕಟ್ಟಿ ಆಗಿದೆ. ಸ್ವಭಾವದ ಬಗ್ಗೆ ಏನೂ ಬರೆದಿಲ್ಲ, ಬಂದು ನಾಲ್ಕು ಸಲ ಮಾತಾಡಿ ನೋಡ್ಲಿ. ಎತ್ತರ 5 ಅಡಿ 7 ಇಂಚು ಅಂತ ಹಾಕಿದೆ, ಅದು ನಾನೇ ಟೇಪು ಹಿಡಿದು ಅಳೆದದ್ದು.

ನಿಮ್ಮ ಹಳೇ ಓದುಗ,
ಡೊಂಬಿವಲಿ ಪೂರ್ವ