ಆ ಬೋಲ್ಟ್ ಬಿಡಿಸಿಕೊಟ್ಟವರಿಗೆ

ನಿಮ್ಮ ಹೆಸರು ಕೇಳೋದೇ ಮರೆತೆ. ಅದಕ್ಕೇ ಎಲ್ಲರೆದುರು ಧನ್ಯವಾದ ಹೇಳುತ್ತಿದ್ದೇನೆ.

26 ಇಂಚಿನ ಚಕ್ರದ ನನ್ನ ಹಳೇ ಫುಲ್ ಸಸ್ಪೆನ್ಷನ್ (ಹಿಂದೆ ಮುಂದೆ ಎರಡೂ ಕಡೆ ಕುಲುಕು ತಡೆಯುವ) ಸೈಕಲ್ ವರ್ಷಗಟ್ಟಲೆ ಮೂಲೆ ಹಿಡಿದಿತ್ತು. ಹತ್ತಿ ಕೂತರೆ ಹಿಂದೆ ಕಿರ್ರ್ ಅನ್ನುತ್ತಿತ್ತು. ಹಿಂದಿನ ಶಾಕ್ ಅಬ್ಸಾರ್ಬರ್ ಕೆಟ್ಟಿದೆ ಅಂತ ಹೊಸ ಶಾಕ್ ಕೊಳ್ಳಲು ಹೊರಟಿದ್ದೆ. ನೀವು ಶಾಕಿನ ಗಾಳಿ ಇಳಿಸಿ, ಕಳಚಿಟ್ಟು, ಹಿಂದಿನ ಫ್ರೇಮನ್ನು ಕೈಯಲ್ಲೇ ಮೇಲೆ ಕೆಳಗೆ ಆಡಿಸಿದಿರಿ. ಮರಳು ಅರೆದಂಥ ಸದ್ದು. "ಶಾಕ್ ಪಾಪ ಚೆನ್ನಾಗೇ ಇದೆ, ಸತ್ತಿರೋದು ಬೇರಿಂಗ್" ಅಂದಿರಿ.

ಹಿಂದಿನ ಫ್ರೇಮ್ ಆಡುವ ಕೀಲಿನ ಬೋಲ್ಟ್, ಅಂದರೆ ಪಿವಟ್ ಬೋಲ್ಟ್ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ನಾನು ಸುತ್ತಿಗೆ ಎತ್ತಿದ್ದೆ. ನೀವು ತಡೆದು, ತುಕ್ಕು ಬಿಡಿಸುವ ಎಣ್ಣೆ ಹನಿಸಿ, ನಾಳೆ ನೋಡೋಣ ಅಂದಿರಿ. ಮರುದಿನ ಟಕ್ ಅಂತ ಬಿಟ್ಟಿತು! ಬೇರಿಂಗಿನ ಜಿಡ್ಡು ಒರೆಸಿದಾಗ 6902 ಅನ್ನೋ ನಂಬರ್ ಕಂಡಿತು. ಒಳ ಅಳತೆ 15, ಹೊರಗೆ 28, ದಪ್ಪ 7 ಮಿಲಿಮೀಟರ್. ಸುಮ್ನೆ ಸೈಕಲ್ಲಿನ ಕಂಪನಿ ಹುಡುಕುತ್ತಾ ಕೂರುತ್ತಿದ್ದೆ, ಹೊಸ ಬೇರಿಂಗ್ ಕೊಳ್ಳಲು ಆ ನಂಬರೇ ಸಾಕಾಗಿತ್ತು ಅಲ್ವಾ? ಹೊಸದನ್ನು ಕೂರಿಸುವಾಗ ಹೊರಗಿನ ಬಳೆಯ ಮೇಲೆ ಮಾತ್ರ ಒತ್ತು ಅಂತ ಮೂರು ಸಲ ಹೇಳಿದಿರಿ. ಎರಡನೇ ಸಲವೇ ಅರ್ಥವಾಗಿತ್ತು, ಬಿಡಿ.

ಈಗ ಗುಂಡಿಗೆ ಇಳಿದರೂ ಸದ್ದಿಲ್ಲ. ಅಂದಹಾಗೆ, ನಿಮ್ಮ 5 ಮಿಲಿಮೀಟರ್ ಅಲೆನ್ ಕೀ ನನ್ನ ಹತ್ತಿರವೇ ಉಳಿದಿದೆ.