ಸ್ಕ್ಯಾನಿಂಗ್ ಕೊಠಡಿಯ ಹೊರಗೆ ಸಿಕ್ಕ ಹಿರಿಯರಿಗೆ

ಶಸ್ತ್ರಚಿಕಿತ್ಸೆಗೆ 2 ದಿನ ಮೊದಲು ಎಂಆರ್‌ಐ ಕೊಠಡಿಯ ಹೊರಗೆ ನನ್ನ ಪಕ್ಕದಲ್ಲಿ ಕುಳಿತಿದ್ದ, ಹೆಸರು ಕೇಳಬೇಕೆಂದೂ ನನಗೆ ತೋಚದೆ ಹೋದ ಆ ಹಿರಿಯರಿಗೆ ಈ ಕೃತಜ್ಞತೆ ಸಲ್ಲಬೇಕು. ನನ್ನದು ಮೆನಿಂಜಿಯೋಮಾ. ಅದು ಮಿದುಳನ್ನು ಸುತ್ತುವರಿದ ಪೊರೆಯಲ್ಲಿ ಹುಟ್ಟುವ, ಬಹುಮಟ್ಟಿಗೆ ಕ್ಯಾನ್ಸರ್ ಅಲ್ಲದ ಗಡ್ಡೆ ಎಂದು ವೈದ್ಯರು ವಿವರಿಸಿದ್ದರೂ ನನ್ನ ಕಿವಿಯಲ್ಲಿ ಉಳಿದದ್ದು ‘ಗಡ್ಡೆ’ ಎಂಬ ಒಂದೇ ಮಾತು.

ತಾವೂ ಅದೇ ದಾರಿ ನಡೆದು ಬಂದವರೆಂದು ತಿಳಿಸಿ, ಕೂದಲು ಸರಿಸಿ ಹಳೆಯ ಗಾಯದ ಗುರುತನ್ನು ತೋರಿಸಿದ ಅವರು, ‘ಎಲ್ಲ ಸರಿಹೋಗುತ್ತದೆ’ ಎಂದು ಒಮ್ಮೆಯೂ ಹೇಳಲಿಲ್ಲ. ಅದರ ಬದಲು, ಮಿದುಳಿನ ಊತ ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ನಿದ್ದೆ ಕೆಡಿಸಿ ವಿಪರೀತ ಹಸಿವು ತರಬಹುದೆಂದೂ, ಅದನ್ನು ತಟ್ಟನೆ ನಿಲ್ಲಿಸದೆ ವೈದ್ಯರು ಹೇಳಿದಂತೆಯೇ ಹಂತಹಂತವಾಗಿ ಇಳಿಸಬೇಕೆಂದೂ, ಹೊಲಿಗೆ ಬಿಚ್ಚಿದ ಮೇಲೂ ದಣಿವು ತಿಂಗಳುಗಟ್ಟಲೆ ಉಳಿಯಬಹುದೆಂದೂ, ಅದನ್ನು ಸೋಮಾರಿತನವೆಂದು ಭಾವಿಸಿ ನನ್ನನ್ನು ನಾನೇ ಹಳಿದುಕೊಳ್ಳಬಾರದೆಂದೂ ತಿಳಿಹೇಳಿದರು. ನಾನು ಕೇಳಲು ಅಂಜಿದ್ದ ಪ್ರಶ್ನೆಗಳನ್ನು ತಾವೇ ಒಂದು ಚೀಟಿಯಲ್ಲಿ ಬರೆದುಕೊಟ್ಟರು: ಗಡ್ಡೆಯನ್ನು ಪೂರ್ತಿ ತೆಗೆಯಬಹುದೇ, ಅಪಸ್ಮಾರದ ಮಾತ್ರೆ ಎಷ್ಟು ಕಾಲ ಬೇಕು, ವಾಹನ ಓಡಿಸುವುದು ಯಾವಾಗ.

ಮನೆಗೆ ಬಂದ ಬಳಿಕ, ಬಲ್ಲ ಪದಗಳೇ ಮಾತಿನ ನಡುವೆ ತಪ್ಪಿಹೋಗಿ ಕಂಗೆಟ್ಟ ದಿನಗಳಲ್ಲಿ (‘ಚಮಚ’ ಎಂಬ ಪದಕ್ಕಾಗಿ ಒಮ್ಮೆ ಬಹಳ ಹೊತ್ತು ತಡಕಾಡಿದ್ದೇನೆ) ಅವರ ಮಾತೇ ನನ್ನನ್ನು ಹಿಡಿದು ನಿಲ್ಲಿಸಿತು. ಪ್ರತಿ ಸ್ಕ್ಯಾನಿಗೆ ಮುನ್ನ ಭಯ ಮರಳುತ್ತದೆ ಎಂದೂ ಎಚ್ಚರಿಸಿದ್ದರು, ಅದೂ ನಿಜವಾಯಿತು. ಕಳೆದ ಬಾರಿ ಅದೇ ಬೆಂಚಿನಲ್ಲಿ ಕುಳಿತು ಸುತ್ತಲೂ ಹುಡುಕಿದೆ, ಅವರು ಕಾಣಲಿಲ್ಲ. ಆ ಚೀಟಿ ಮಾತ್ರ ನನ್ನ ವರದಿಗಳ ಕಡತದಲ್ಲಿ ಎಲ್ಲಕ್ಕಿಂತ ಮೇಲಿದೆ.