ಗಂಡನಿಗೆ ಪಾರ್ಶ್ವವಾಯು, ಹೆಂಡತಿಗೆ ಸೊಂಟನೋವಿನ ಸರ್ಟಿಫಿಕೇಟ್

ಮಾನ್ಯ ಸಂಪಾದಕರೇ,

ವಯಸ್ಸಾದ ತಂದೆತಾಯಿಯ ಆರೈಕೆಗೆ ಕೇಂದ್ರ ನೌಕರರಿಗೆ 30 ದಿನ ರಜೆ ಎಂಬ ಸುದ್ದಿ 2025ರ ಜುಲೈ ತಿಂಗಳಲ್ಲಿ ಬಂದಾಗ ನಮ್ಮ ನಿವೃತ್ತರ ವಾಟ್ಸಾಪ್ ಗುಂಪಿನಲ್ಲಿ ಹಬ್ಬವೇ ನಡೆಯಿತು. ರಾಜ್ಯಸಭೆಯಲ್ಲಿ ಸಚಿವರು ಕೊಟ್ಟ ಲಿಖಿತ ಉತ್ತರದಲ್ಲಿ ಹೊಸದೇನೂ ಇರಲಿಲ್ಲ. ವರ್ಷಕ್ಕೆ ಸಿಗುವ 30 ದಿನಗಳ ಗಳಿಕೆ ರಜೆಯನ್ನು ಯಾವ ಸ್ವಂತ ಕಾರಣಕ್ಕಾದರೂ ಬಳಸಬಹುದು, ಹಾಗಾಗಿ ಇದಕ್ಕೂ ಬಳಸಬಹುದು ಎಂದಿದ್ದರು, ಅಷ್ಟೇ. ಮಗಳ ಮದುವೆಗೂ ಅದೇ ಖಾತೆ, ಊರಿನ ತೇರಿಗೂ ಅದೇ, ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರೂ ಅದೇ.

ಮುಂಬಯಿ ಆಸುಪಾಸಿನ ಒಂದು ಮಹಾನಗರಪಾಲಿಕೆಯಲ್ಲಿ (ಹೆಸರು ಬೇಡ, ಪಿಂಚಣಿ ಅಲ್ಲಿಂದಲೇ ಬರುತ್ತದೆ) ನಾನು 19 ವರ್ಷ ರಜೆ ಅರ್ಜಿಗಳ ಮೇಜಿನಲ್ಲಿ ಕುಳಿತವನು. ಆ ಮೇಜಿನ ಒಂದು ಪ್ರಸಂಗ ಇಂದಿಗೂ ಚುಚ್ಚುತ್ತದೆ.

ಕಲಬುರಗಿ ಕಡೆಯ ಸಫಾಯಿ ಕಾರ್ಮಿಕ ಹೆಂಗಸು, ಖಾಯಂ ನೌಕರಳು. ಗಂಡನಿಗೆ ಪಾರ್ಶ್ವವಾಯು ಬಡಿದಿತ್ತು. ಆಸ್ಪತ್ರೆಯ ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದಳು. ಆಕೆಯ ಗಳಿಕೆ ರಜೆ ಮಗಳ ಬಾಣಂತನಕ್ಕೆ ಮುಗಿದುಹೋಗಿತ್ತು. ಅರ್ಧ ವೇತನ ರಜೆ ಕೊಡಬಹುದಿತ್ತು. ಔಷಧಿ ಅಂಗಡಿಯವನು ಅರ್ಧ ಬೆಲೆಗೆ ಮಾತ್ರೆ ಕೊಡುವುದಿಲ್ಲವಲ್ಲ! ಅರ್ಧ ವೇತನದ ಎರಡು ದಿನಗಳನ್ನು ಪೂರ್ಣ ಸಂಬಳದ ಒಂದು ದಿನವಾಗಿ ಬದಲಿಸಿಕೊಳ್ಳುವ ಪರಿವರ್ತಿತ ರಜೆ ಬೇಕೆಂದರೆ ವೈದ್ಯಕೀಯ ಪ್ರಮಾಣಪತ್ರ ನೌಕರರದೇ ಆಗಿರಬೇಕು. "ಅಕ್ಕಾ, ಕಾಯಿಲೆ ನಿಮ್ಮದಾಗಿರಬೇಕು" ಎಂದೆ. "ನಾನೂ ಮಲಗಿದರೆ ಅವರನ್ನು ಎತ್ತಿ ಕೂರಿಸುವವರು ಯಾರು ಅಣ್ಣಾ?" ಎಂದಳು. ಉತ್ತರ ನನ್ನಲ್ಲಿರಲಿಲ್ಲ.

ಮೂರನೆಯ ದಿನ ಬಂದಳು. ತನ್ನದೇ ಹೆಸರಿನ ಸರ್ಟಿಫಿಕೇಟ್: ತೀವ್ರ ಸೊಂಟನೋವು, 21 ದಿನ ವಿಶ್ರಾಂತಿ. ಸಹಿ ಮಾಡುವಾಗ ಪೆನ್ನು ಕೈಜಾರಿ ಮೇಜಿನಡಿಗೆ ಉರುಳಿತು. ಆಕೆ ಸರಕ್ಕನೆ ಬಗ್ಗಿ ಎತ್ತಿಕೊಂಡಳು. ನಾನು ನೋಡಿದೆ, ನಾನು ನೋಡಿದ್ದನ್ನು ಅವಳೂ ನೋಡಿದಳು. ಶಿಕ್ಕಾ ಒತ್ತಿದೆ.

21 ದಿನಗಳ ಪರಿವರ್ತಿತ ರಜೆಗೆ ಅರ್ಧ ವೇತನ ಖಾತೆಯಿಂದ 42 ದಿನ ಕಳೆಯಬೇಕು. ಆ ಖಾತೆಗೆ ಜಮೆಯಾಗುವುದೇ ವರ್ಷಕ್ಕೆ 20 ದಿನ. ಕೆಲಸಕ್ಕೆ ಮರಳುವಾಗ ಫಿಟ್‌ನೆಸ್ ಸರ್ಟಿಫಿಕೇಟ್ ಬೇರೆ. ಬಾರದ ಕಾಯಿಲೆಗೊಮ್ಮೆ, ಅದು ವಾಸಿಯಾಯಿತೆಂದು ಇನ್ನೊಮ್ಮೆ, ಡಾಕ್ಟರರಿಗೆ ಎರಡು ಸಲ ದುಡ್ಡು.

ಗುತ್ತಿಗೆಯ ಮೇಲೆ ಕಸ ಎತ್ತುವವರ ಪಾಡು ಇನ್ನೂ ಕಷ್ಟ. ಗುತ್ತಿಗೆದಾರ ಇಎಸ್ಐ (ನೌಕರರ ರಾಜ್ಯ ವಿಮೆ) ಕಂತನ್ನು ಸರಿಯಾಗಿ ತುಂಬಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಶೇ. 70ರಷ್ಟು ಕೂಲಿ ಸಿಗುತ್ತದೆ, ಅದೂ ತಾನೇ ಹಾಸಿಗೆ ಹಿಡಿದರೆ ಮಾತ್ರ. ಮನೆಯವರಿಗೆ ಕಾಯಿಲೆಯಾದರೆ ಹಾಜರಿ ಹೋಯಿತು, ಆ ದಿನದ ಅನ್ನವೂ ಹೋಯಿತು. ಹೆರಿಗೆ ಸೌಲಭ್ಯದ ಕಾಯ್ದೆ ಬಂದದ್ದು 1961ರಲ್ಲಿ. ಅದು ತಮಗೂ ಅನ್ವಯಿಸುತ್ತದೆ ಎನ್ನಿಸಿಕೊಳ್ಳಲು ದೆಹಲಿ ಮಹಾನಗರಪಾಲಿಕೆಯ ದಿನಗೂಲಿ ಹೆಂಗಸರು ಸುಪ್ರೀಂ ಕೋರ್ಟಿನವರೆಗೆ ಹೋರಾಡಬೇಕಾಯಿತು. ತೀರ್ಪು ಬಂದದ್ದು 2000ದಲ್ಲಿ.

ಮಹಾರಾಷ್ಟ್ರ ಸರ್ಕಾರ 2018ರಲ್ಲಿ ತನ್ನ ಮಹಿಳಾ ನೌಕರರಿಗೆ 180 ದಿನಗಳ ಮಕ್ಕಳ ಆರೈಕೆ ರಜೆ ಕೊಟ್ಟಿತು. ಒಳ್ಳೆಯದೇ. ಆದರೆ ಮಕ್ಕಳಿಗೆ 18 ತುಂಬಿತೆಂದರೆ ಆ ಬಾಗಿಲು ಮುಚ್ಚಿತು. ಹಾಸಿಗೆ ಹಿಡಿದ ಗಂಡ, ಅತ್ತೆ, ಅಪ್ಪ ಆ ಲೆಕ್ಕಕ್ಕೇ ಬರುವುದಿಲ್ಲ.

ಪಾಲಿಕೆಗಳ ಸಭಾಗೃಹಗಳಲ್ಲಿ ನಮ್ಮ ಕನ್ನಡಿಗ ನಗರಸೇವಕರೂ (ಕಾರ್ಪೊರೇಟರ್‌ಗಳೂ) ಇದ್ದಾರೆ. ರಸ್ತೆಗೆ ಹೆಸರಿಡುವ ಠರಾವಿನ ನಡುವೆ ಇದನ್ನೂ ಒಮ್ಮೆ ಎತ್ತಲಿ: ಕುಟುಂಬದ ಆರೈಕೆಗೆಂದೇ ವರ್ಷಕ್ಕೆ 15 ದಿನ ಪೂರ್ಣ ಸಂಬಳದ ರಜೆ, ಗಂಡಸರಿಗೂ ಹೆಂಗಸರಿಗೂ, ಗುತ್ತಿಗೆಯವರಿಗೂ. ಪುರಾವೆಗೆ ರೋಗಿಯ ಆಸ್ಪತ್ರೆ ಕಾಗದ ಸಾಕು. ದುರುಪಯೋಗವಾಗುತ್ತದೆ ಎಂದು ನಮ್ಮ ಕಚೇರಿಯವರೇ ಮೊದಲು ಹೇಳುತ್ತಾರೆ, ಬಲ್ಲೆ. ಸುಳ್ಳು ಸೊಂಟನೋವುಗಳಿಗೆ 19 ವರ್ಷ ಶಿಕ್ಕಾ ಒತ್ತಿದವನು ನಾನು. ದುರುಪಯೋಗದ ಲೆಕ್ಕ ಬೇಕಿದ್ದರೆ ನನ್ನನ್ನೇ ಕೇಳಲಿ.

— ನಿವೃತ್ತ ಹೆಡ್ ಕ್ಲರ್ಕ್, ಡೊಂಬಿವಲಿ